ಭುಜಕ್ಕೆ ತಕ್ಕ ರಾಡು

ಜಲಜಕ್ಕ ಯಾರನ್ನೇ ಮೊದಲ ಸಲ ಕಂಡರೂ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಹೆಸರು ಕೇಳುವ ಮೊದಲೇ ಮಣಿಕಟ್ಟು ಹಿಡಿದು, ಅಂಗೈಯನ್ನು ಮಗುಚಿ, ಹೆಬ್ಬೆರಳನ್ನು ಆಚೆ ಈಚೆ ಬಾಗಿಸಿ, ಮೊಣಕೈಯವರೆಗೂ ಒತ್ತಿ ನೋಡುತ್ತಿದ್ದರು. ಆಮೇಲೆ, "ಎರ್ಡೂ ಕೈ ಮೇಲ್ ಮಾಡ್ ಕಾಂಬ" ಎನ್ನುತ್ತಿದ್ದರು. ಅವರ ಜಿಮ್ಮಿಗೆ ಹೊಸದಾಗಿ ಬಂದ ಹೆಂಗಸರಲ್ಲಿ ಕೆಲವರು ಇವರು ಭವಿಷ್ಯ ಹೇಳುತ್ತಾರೆಂದೇ ತಿಳಿದದ್ದುಂಟು. ಒಬ್ಬಾಕೆ, "ಮಗ್ಳಿಗೆ ಗಂಡ್ ಯಾವಾಗ ಸಿಕ್ಕತ್ತ್ ಕಾಣಿ ಅಕ್ಕ" ಎಂದು ಕೇಳಿಯೂ ಬಿಟ್ಟಿದ್ದಳು. "ಅದ್ ನಂಗ್ ಗೊತ್ತಿಲ್ಲೆ ಮಾರಾಯ್ತಿ. ನಿನ್ ಕೈಗೆ ದಪ್ಪ ರಾಡ್ ಆತಿಲ್ಲೆ, ಅಷ್ಟ್ ಮಾತ್ರ ಹೇಳ್ತೆ" ಎಂದು ಜಲಜಕ್ಕ ಅವಳ ಕೈಯನ್ನು ಅವಳಿಗೇ ಹಿಂತಿರುಗಿಸಿದ್ದರು.

ಆ ಜಿಮ್ಮು ಗಂಗೊಳ್ಳಿ ಬಂದರಿನ ಹಿಂದೆ, ನಿಂತುಹೋದ ಒಂದು ಐಸ್ ಪ್ಲಾಂಟಿನ ದಾಸ್ತಾನು ಕೋಣೆಯಲ್ಲಿತ್ತು. ಐಸ್ ಕರಗದಿರಲೆಂದು ಕಟ್ಟಿದ ದಪ್ಪ ಗೋಡೆಗಳು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಪ್ಲೇಟು ನೆಲಕ್ಕೆ ಬಿದ್ದರೂ ಸದ್ದು ರಸ್ತೆಗೆ ಕೇಳುತ್ತಿರಲಿಲ್ಲ. ಹೆಂಗಸರಿಗೆ ಅದೇ ಅನುಕೂಲವಾಯಿತು. ಮೀನು ಮಾರಿ ಬಂದವರು, ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು, ಕಾಲೇಜಿನ ಹುಡುಗಿಯರು ಯಾರ ಮಾತಿಗೂ ಸಿಕ್ಕದೆ ಬಂದು ಹೋಗುತ್ತಿದ್ದರು. ಯಂತ್ರಗಳು ಇರಲಿಲ್ಲ. ಒಂದು ಬೆಂಚು, ಕಬ್ಬಿಣದ ಎರಡು ಸ್ಟ್ಯಾಂಡು, ಒಂದಿಷ್ಟು ಪ್ಲೇಟುಗಳು, ಗೋಡೆಗೆ ಒರಗಿಸಿ ನಿಲ್ಲಿಸಿದ ಕೆಲವು ರಾಡುಗಳು. ಪೇಟೆಯವರು ಬಾರ್ಬೆಲ್ ಎನ್ನುವುದಕ್ಕೆ ನಾವು ರಾಡು ಎಂದೇ ಹೇಳುತ್ತಿದ್ದೆವು.

ನನ್ನ ತವರು ಗುಲ್ವಾಡಿ. ಮದುವೆಯಾಗಿ ಗಂಗೊಳ್ಳಿಗೆ ಬಂದವಳು. ಕುಂದಾಪುರದ ಒಂದು ಸೀರೆ ಅಂಗಡಿಯಲ್ಲಿ ಕೆಲಸ. ಸೀರೆ ಅಂಗಡಿಯವರ ಕೈ ಇಡೀ ದಿನ ತಲೆಯ ಮೇಲೆಯೇ ಇರುತ್ತದೆ. ಮೇಲಿನ ಸಾಲಿನ ಕಟ್ಟು ಇಳಿಸು, ಬಿಡಿಸು, ಮಡಚು, ಮತ್ತೆ ಮೇಲೆ ಇಡು. ಮೂವತ್ತು ದಾಟುವ ಮೊದಲೇ ನನ್ನ ಬಲ ಭುಜ ಸೋತಿತು. ಜಡೆ ಹೆಣೆದುಕೊಳ್ಳಲೂ ಆಗದ ಹಾಗಾಯಿತು. ಡಾಕ್ಟರು ಮಾತ್ರೆ ಕೊಟ್ಟು, ಭುಜಕ್ಕೆ ಬಲ ಬರುವಂಥ ವ್ಯಾಯಾಮ ಮಾಡಬೇಕು ಎಂದರು. ಹಾಗೆ ಒಂದು ಸಂಜೆ ಬಸ್ಸಿಳಿದು, ಮನೆಗೆ ಹೋಗುವ ಬದಲು ಐಸ್ ಪ್ಲಾಂಟಿನ ಬಾಗಿಲಲ್ಲಿ ನಿಂತೆ.

ಜಲಜಕ್ಕ ಎತ್ತರದ ಆಳು. ಕಪ್ಪು ಮೈ, ಬಿಗಿಯಾಗಿ ಕಟ್ಟಿದ ತುರುಬು, ಹೆಗಲ ಮೇಲೊಂದು ಟವೆಲು. ನನ್ನ ಕೈ ನೋಡಿ ಮುಗಿಯುವಷ್ಟರಲ್ಲಿ ನಾನು ಧೈರ್ಯ ತೋರಿಸಲೆಂದು ಗೋಡೆಯ ಬಳಿ ಹೋಗಿ, ಎಲ್ಲಕ್ಕಿಂತ ಹೊಳೆಯುತ್ತಿದ್ದ ರಾಡನ್ನು ಮುಟ್ಟಿದೆ.

"ಅದ್ ಬ್ಯಾಡ. ಅದ್ ಗಂಡಸ್ರ ರಾಡ್, ಬರೀ ರಾಡೇ ಇಪ್ಪತ್ ಕಿಲೋ. ನಿನ್ ಬೆರಳ್ ಸುತ್ತು ಬತ್ತಿಲ್ಲೆ."

"ಹಾಂಗಾರೆ ಈ ಸಣ್ಣದಾ?"

"ಅದ್ ಬಳ್ಕುತ್ತ್. ನೆಲದಿಂದ ಎತ್ತುಕೆ ಅಡ್ಡಿಲ್ಲೆ. ತಲಿ ಮೇಲ್ ಹೋಪ ರಾಡ್ ಬಳ್ಕುಕಾಗ. ಕೈ ನಡ್ಗಿದ್ರೆ ಅದೂ ನಡ್ಗುತ್ತ್, ಮತ್ ಎರ್ಡೂ ಸೇರಿ ನಿನ್ನ ನಡ್ಗಿಸ್ತೊ."

ಕೊನೆಗೆ ಅವರು ನನ್ನ ಕೈಗೆ ಕೊಟ್ಟದ್ದು ಮಕ್ಕಳಿಗೆ ಕಲಿಸಲು ಇಟ್ಟುಕೊಂಡಿದ್ದ ಅಲ್ಯೂಮಿನಿಯಂ ರಾಡು. ನನಗೆ ನಾಚಿಕೆಯಾಯಿತು. ಬದಿಯಲ್ಲಿ ನನಗಿಂತ ಸಣ್ಣ ಹುಡುಗಿಯೊಬ್ಬಳು ಪ್ಲೇಟು ಹಾಕಿ ಎತ್ತುತ್ತಿದ್ದಳು. ನನ್ನ ನಾಚಿಕೆಯನ್ನು ನೋಡಿಯೂ ನೋಡದವರಂತೆ ಜಲಜಕ್ಕ ರಾಡನ್ನು ನನ್ನ ಅಂಗೈಯ ಬುಡಕ್ಕೆ ತಂದು ಕೂರಿಸಿದರು. ಬೆರಳಿನಲ್ಲಿ ಹಿಡಿದರೆ ಮಣಿಕಟ್ಟು ಹಿಂದಕ್ಕೆ ಮುರಿಯುತ್ತದೆ, ಅಂಗೈಯ ಬುಡದಲ್ಲಿ ಕೂತರೆ ಭಾರ ನೇರ ಮೊಣಕೈಗೆ ಇಳಿಯುತ್ತದೆ. ಗದ್ದದ ಎದುರಿನಿಂದ ಮೇಲೆ ಹೋಗುವಾಗ ಮುಖ ಹಿಂದೆ ಸರಿಯಬೇಕು, ರಾಡು ದಾಟಿದ ಮೇಲೆ ಮುಖ ಅದರಡಿಗೆ ಬರಬೇಕು. ನಾಲ್ಕು ಸಲ ಎತ್ತಿ ಇಳಿಸಿದೆ. ಬಹಳ ದಿನಗಳ ಮೇಲೆ ನನ್ನ ಎರಡೂ ಕೈ ಒಟ್ಟಿಗೆ ತಲೆಯ ಮೇಲೆ ಹೋಗಿದ್ದವು.

"ಇದ್ ನಿನ್ ರಾಡ್. ನಾಳೆಗೂ ಇದೇ. ಬೇರೆದ್ ಬಗ್ಗೆ ನಾ ಹೇಳ್ತೆ, ನೀ ಕೇಂಬುದ್ ಬ್ಯಾಡ" ಎಂದರು.

ರಾಡಿನ ಬಗ್ಗೆ ಅವರಿಗೆ ಯಾಕಿಷ್ಟು ಹಟ ಎಂಬುದು ನನಗೆ ತಿಳಿದದ್ದು ವರ್ಷ ಕಳೆದ ಮೇಲೆ. ಅವರ ಬಲ ಮಣಿಕಟ್ಟು ಸ್ವಲ್ಪ ಸೊಟ್ಟ. ಚಾ ಲೋಟ ಹಿಡಿದಾಗ ಅದು ಕಾಣುತ್ತಿತ್ತು. ಒಂದು ದಿನ ಕೇಳಿದೆ. ಪ್ರಾಯದಲ್ಲಿ ಅವರು ಕುಂದಾಪುರದ ಒಂದು ವ್ಯಾಯಾಮಶಾಲೆಗೆ ಹೋಗುತ್ತಿದ್ದರಂತೆ. ಗಂಡು ಹುಡುಗರ ನಡುವೆ ಇವರೊಬ್ಬರೇ ಹುಡುಗಿ. ಅಲ್ಲಿ ಇದ್ದದ್ದು ಒಂದೇ ರಾಡು, ದಪ್ಪದ್ದು, ಉಪ್ಪುಗಾಳಿಗೆ ತುಕ್ಕು ಹಿಡಿದದ್ದು. ಒಳ್ಳೆಯ ರಾಡಿನ ಎರಡೂ ತುದಿ ತನ್ನಷ್ಟಕ್ಕೆ ತಿರುಗಬೇಕು. ತಿರುಗದಿದ್ದರೆ ಪ್ಲೇಟು ತಿರುಗುವ ರಭಸವೆಲ್ಲ ಮಣಿಕಟ್ಟಿಗೆ ಬರುತ್ತದೆ. ಭಾರ ಎತ್ತುವ ಸ್ಪರ್ಧೆಗೆ ರಾಜ್ಯದ ತಂಡದ ಆಯ್ಕೆ ನಡೆಯುವ ದಿನ ಹತ್ತಿರವಿದ್ದಾಗ, ಅಭ್ಯಾಸದಲ್ಲಿ ರಾಡನ್ನು ಎದೆಯಿಂದ ತಲೆಯ ಮೇಲಕ್ಕೆ ಒತ್ತುವಾಗ, ಮಣಿಕಟ್ಟು ತಿರುಚಿಕೊಂಡಿತು. ಆಯ್ಕೆಗೆ ಹೋಗಲಾಗಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಅಪ್ಪಯ್ಯ ತೀರಿಕೊಂಡಿದ್ದರು, ಇವರು ಮೀನು ಸಂಸ್ಕರಿಸುವ ಕಾರ್ಖಾನೆಗೆ ಸೇರಿದ್ದರು.

"ಬೇಜಾರ್ ಇತ್ತಾ ಜಲಜಕ್ಕ?" ಎಂದೆ.

"ಸೋತಿದ್ರೆ ಬೇಜಾರ್ ಆತಿರ್ಲಿಲ್ಲೆ" ಎಂದರು. "ನಂಗೆ ಸೋಲೂಕೂ ಆಯ್ಲಿಲ್ಲ ಅಲ್ದಾ."

ಅದಕ್ಕೇ ಇರಬೇಕು, ಜಿಮ್ಮು ತೆರೆದಾಗ ಅವರು ಮೊದಲು ತರಿಸಿದ್ದು ಹೆಂಗಸರಿಗೆಂದೇ ಮಾಡಿದ ಹದಿನೈದು ಕಿಲೋದ, ತೆಳ್ಳಗಿದ್ದರೂ ಬಳುಕದ ರಾಡು. ಅದು ಮುಂಬೈಯಿಂದ ಮೀನಿನ ಲಾರಿಯಲ್ಲಿ ಬಂತು. ಎಷ್ಟು ದಿನ ಒರೆಸಿದರೂ ಬಂಗುಡೆಯ ವಾಸನೆ ಹೋಗಿರಲಿಲ್ಲವಂತೆ. ಅದರ ನಡುಭಾಗ ನುಣುಪಾಗಿತ್ತು, ಕುತ್ತಿಗೆಗೆ ತಾಗಿದರೂ ತರಚುತ್ತಿರಲಿಲ್ಲ. ತುದಿಗಳು ಬೆರಳು ತಾಗಿದರೆ ಸಾಕು, ತಿರುಗುತ್ತಿದ್ದವು. ಜಲಜಕ್ಕ ವಾರಕ್ಕೊಮ್ಮೆ ಕೂತು ಅದಕ್ಕೆ ಎಣ್ಣೆ ಹಾಕುತ್ತಿದ್ದರು.

ನಾನು ಜಿಮ್ಮಿಗೆ ಹೋಗುವುದು ನಮ್ಮ ಅತ್ತೆಗೆ ಸರಿಬೀಳಲಿಲ್ಲ. ಭಾರ ಎತ್ತಿದರೆ ಗರ್ಭಕೋಶ ಜಾರುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಒಂದು ಸಂಜೆ ಅವರೇ ಹುಡುಕಿಕೊಂಡು ಬಂದರು. ಅತ್ತೆ ಆಯುಷ್ಯವಿಡೀ ಹೆಡಿಗೆ ಹೊತ್ತು ಮನೆಮನೆಗೆ ಮೀನು ಮಾರಿದವರು. ಬಾಗಿಲಲ್ಲೇ ನಿಂತು ಶುರು ಮಾಡಿದರು.

"ಜಲಜಾ, ನಿಂಗೆ ಗಂಡ ಇಲ್ಲೆ, ಮಕ್ಳಿಲ್ಲೆ. ನಮ್ ಮನಿ ಹೆಣ್ಣಿನ ಎಂತಕ್ ಹಾಳ್ ಮಾಡ್ತೆ?"

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಜಲಜಕ್ಕ ಸಿಟ್ಟು ಮಾಡಲಿಲ್ಲ. ಹತ್ತಿರ ಹೋಗಿ ಅತ್ತೆಯ ಕೈ ಹಿಡಿದುಕೊಂಡು, ಯಥಾಪ್ರಕಾರ ಮಗುಚಿ ನೋಡಿದರು.

"ಗಿರ್ಜಕ್ಕ, ನಿಮ್ ಹೆಡ್ಗಿ ಎಷ್ಟ್ ಭಾರ ಇರ್ತಿತ್ತ್?"

"ಯಾರ್ ತೂಗಿದ್ದ್? ಎತ್ತುಕೆ ಇಬ್ರ್ ಬೇಕ್."

"ನಿಮ್ದ್ ಗರ್ಭಕೋಶ ಜಾರಿತ್ತಾ?"

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. ಜಲಜಕ್ಕ ಅವರ ಕೈಗೆ ಮೀನಿನ ವಾಸನೆಯ ಆ ರಾಡನ್ನೇ ಕೊಟ್ಟರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರೂ ಹೇಳಿಕೊಡದೆ, ಮುಖ ಹಿಂದೆ ಸರಿಸಿ, ರಾಡನ್ನು ನೇರ ತಲೆಯ ಮೇಲಕ್ಕೆ ಒತ್ತಿ ನಿಂತರು. ಹೆಡಿಗೆಯನ್ನು ತಲೆಗೆ ಏರಿಸಿದ ಅಭ್ಯಾಸ. ಕೆಳಗಿಳಿಸಿದ ಮೇಲೆ, "ಇದ್ ಹೆಡ್ಗಿಗಿಂತ ವಾಸಿ, ನೀರ್ ಸೋರುದಿಲ್ಲೆ" ಎಂದರು. ಆ ದಿನದಿಂದ ಅತ್ತೆಯೂ ವಾರಕ್ಕೊಮ್ಮೆ ಬಂದು ಬೆಂಚಿನ ಮೇಲೆ ಕೂತು ನಮ್ಮನ್ನೆಲ್ಲ ನೋಡಿ ಹೋಗುತ್ತಿದ್ದರು.

ಇಂಥ ದಿನಗಳು ಹಾಗೇ ಇರುತ್ತವೆ ಎಂದು ನಾವು ತಿಳಿದಿದ್ದೆವು.

ಎಡ ಎದೆಯಲ್ಲಿ ಗಂಟಿರುವುದನ್ನು ಜಲಜಕ್ಕ ಮೊದಲು ಹೇಳಿದ್ದು ಅಣ್ಣ ಭಾಸ್ಕರಣ್ಣನಿಗೂ ಅಲ್ಲ, ನನಗೆ. ಅವರು ಇದ್ದದ್ದು ಅಣ್ಣನ ಮನೆಯಲ್ಲಿ. ಭಾಸ್ಕರಣ್ಣ ಬೋಟಿಗೆ ಹೋದರೆ ಬರುವುದು ವಾರ ಕಳೆದು. ನಾವಿಬ್ಬರೇ ಮಣಿಪಾಲಕ್ಕೆ ಹೋಗಿ ತೋರಿಸಿದೆವು. ಎಡ ಎದೆಯನ್ನು ತೆಗೆಯಬೇಕಾಯಿತು. ಕಂಕುಳಿನ ಗಂಟುಗಳನ್ನೂ ತೆಗೆದರು. ಆಮೇಲೆ ಇಂಜೆಕ್ಷನ್ನು, ಕರೆಂಟು ಕೊಡುವುದು, ತಲೆಗೂದಲು ಹೋದದ್ದು, ಎಲ್ಲ ಆಯಿತು. ಅದನ್ನೆಲ್ಲ ಅವರು ಸಹಿಸಿದರು. ಸಹಿಸಲಾಗದ್ದು ಒಂದೇ, ಎಡಗೈ ಭುಜದಿಂದ ಮೇಲಕ್ಕೆ ಏರುತ್ತಿರಲಿಲ್ಲ. ಒಳಗಿನಿಂದ ಯಾರೋ ಹಗ್ಗ ಹಾಕಿ ಎಳೆದು ಹಿಡಿದಂತೆ ಆಗುತ್ತದೆ ಎನ್ನುತ್ತಿದ್ದರು.

ಜಿಮ್ಮಿನ ಬೀಗದ ಕೈ ನನ್ನ ಬಳಿ ಇತ್ತು. ಸಂಜೆ ತೆರೆದು, ಬಂದವರಿಗೆ ತಿಳಿದಷ್ಟು ಹೇಳಿಕೊಡುತ್ತಿದ್ದೆ. ಹೀಗಿರುವಾಗ ಒಂದು ದಿನ ಜಲಜಕ್ಕ ತಲೆಗೆ ಬಟ್ಟೆ ಸುತ್ತಿಕೊಂಡು ಒಳಗೆ ಬಂದರು. ನೇರ ನನ್ನೆದುರು ಬಂದು ಎರಡೂ ಕೈ ಚಾಚಿದರು.

"ನೀ ಕಾಣ್. ಈ ಕೈಗೆ ಯಾವ ರಾಡ್ ಕೊಡ್ತೆ?"

ನನ್ನ ಕಣ್ಣು ತುಂಬಿತು. ಅವರು ಎಷ್ಟೋ ವರ್ಷ ಎತ್ತಿದ ಆ ತೆಳ್ಳಗಿನ ರಾಡನ್ನೇ ತೆಗೆದು ಕೊಡಹೋದೆ. ಬೇರೆ ಯಾವುದನ್ನು ಕೊಟ್ಟರೂ ಅವಮಾನವಾದೀತು ಎಂದು ನನ್ನ ಎಣಿಕೆ. ಜಲಜಕ್ಕ ಅದನ್ನು ಮುಟ್ಟಲೂ ಇಲ್ಲ.

"ಮರ್ಯಾದಿಗೆ ರಾಡ್ ಕೊಡುದಲ್ಲ ಶೈಲಾ. ಭುಜಕ್ಕೆ ಕೊಡುದ್. ನೀ ನನ್ ಕೈ ಕಂಡೇ ಇಲ್ಲೆ, ಮುಖ ಕಂಡೆ."

ಆಗ ನಾನು ನಿಜವಾಗಿ ಅವರ ಕೈ ನೋಡಿದೆ. ಎಡಗೈ ಬಾತಿತ್ತು, ಬಾವು ಇಳಿಯಲೆಂದು ಆಸ್ಪತ್ರೆಯವರು ಕೊಟ್ಟ ಬಿಗಿಯಾದ ತೋಳುಚೀಲ ಹಾಕಿದ್ದರು. ಮೇಲೆ ಮಾಡಿ ಎಂದೆ. ಭುಜದ ಸಮಕ್ಕೆ ಬಂದು ನಿಂತಿತು. ಅಲ್ಯೂಮಿನಿಯಂ ರಾಡೂ ಹೆಚ್ಚೇ. ಆಸ್ಪತ್ರೆಯ ವ್ಯಾಯಾಮದವರು ಕೋಲು ಹಿಡಿದು ಮಾಡಲು ಹೇಳಿದ್ದು ನೆನಪಾಗಿ, ಹೊರಗೆ ಹೋಗಿ ಬಟ್ಟೆ ಒಣಗಿಸುವ ಬಿದಿರಿನ ಒಂದು ತುಂಡು ತಂದು ಕೊಟ್ಟೆ. ಅವರು ಅದನ್ನು ಹಿಡಿದು, ಹೆಬ್ಬೆರಳು ಸುತ್ತಿ, "ಹಾಂ. ಇದ್ ಸಮ" ಎಂದರು.

ಆ ಬಿದಿರಿನ ಕೋಲನ್ನು ಅವರು ತಿಂಗಳುಗಟ್ಟಲೆ ಎತ್ತಿದರು. ಬಲಗೈ ಮೇಲೆ ಹೋಗುವುದು, ಎಡಗೈ ಅರ್ಧಕ್ಕೆ ನಿಲ್ಲುವುದು, ಕೋಲು ಓರೆಯಾಗುವುದು. ಕಾಲೇಜಿನ ಹುಡುಗಿಯರು ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದರು. ಕೋಲಿನಿಂದ ಅಲ್ಯೂಮಿನಿಯಂ ರಾಡಿಗೆ ಬರುವಾಗ ವರ್ಷ ದಾಟಿತ್ತು. ಪ್ರತಿಸಲವೂ ಡಾಕ್ಟರನ್ನು ಕೇಳಿ, ಅವರು ಸೈ ಎಂದ ಮೇಲೆಯೇ ಮುಂದಿನ ಹೆಜ್ಜೆ. ರಾಡು ಆರಿಸುವ ಕೆಲಸ ಮಾತ್ರ ನನ್ನದೇ. ದಿನವೂ ಬಂದು ಕೈ ಚಾಚುವರು, ನಾನು ಒತ್ತಿ ನೋಡುವೆ, ಬಾವು ಹೆಚ್ಚಿದ್ದರೆ ಇವತ್ತು ಕೋಲು ಸಾಕು ಎನ್ನುವೆ. ಎದುರಾಡುತ್ತಿರಲಿಲ್ಲ.

ಮಳೆಗಾಲ. ಬೋಟುಗಳೆಲ್ಲ ದಡದಲ್ಲಿದ್ದು, ಬಂದರಿನಲ್ಲಿ ಸದ್ದಿಲ್ಲದ ಒಂದು ಮಧ್ಯಾಹ್ನ. ಒಳಗೆ ನಾನು, ಅತ್ತೆ, ಜಲಜಕ್ಕ ಮೂವರೇ. ಅವರ ಕೈ ನೋಡಿದೆ. ಬಾವು ಇಳಿದಿತ್ತು, ಕೈ ಕಿವಿಯ ಹತ್ತಿರದವರೆಗೂ ಹೋಗುತ್ತಿತ್ತು. ನಾನು ಹದಿನೈದು ಕಿಲೋದ ರಾಡನ್ನು ಸ್ಟ್ಯಾಂಡಿನ ಮೇಲೆ ಇಟ್ಟೆ. ಜಲಜಕ್ಕ ನನ್ನನ್ನೇ ನೋಡಿದರು.

"ಖಂಡಿತಾ?"

"ಖಂಡಿತಾ."

ರಾಡನ್ನು ಅಂಗೈಯ ಬುಡಕ್ಕೆ ಕೂರಿಸಿಕೊಂಡರು. ಎದೆಯಿಂದ ಎತ್ತಿದರು. ಹಣೆಯ ಮಟ್ಟದಲ್ಲಿ ಅದು ನಿಂತಿತು, ನಡುಗಿತು. ನಾನು ಹಿಡಿಯಲು ಮುಂದೆ ಹೋದೆ, ಬೇಡವೆಂದು ಕಣ್ಣಲ್ಲೇ ಹೇಳಿದರು. ನಿಧಾನವಾಗಿ ಮುಖ ಅದರಡಿಗೆ ಬಂತು, ರಾಡು ಮೇಲೆ ಹೋಯಿತು. ಇಳಿಸಿದ ಮೇಲೆ ಉಸಿರು ತಿರುಗಿಸಿಕೊಂಡು ಕೇಳಿದರು.

"ಎಡದ್ ಒಂಚೂರ್ ಕಮ್ಮಿ ಇತ್ತ್ ಅಲ್ದಾ?"

"ಹೌದ್, ಒಂಚೂರ್."

ತಲೆಯಾಡಿಸಿ ಬೆಂಚಿನ ಮೇಲೆ ಕೂತರು. ಕೂತವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಪರೇಷನ್ನಿಗೆ ಹೋಗುವಾಗಲೂ ಅತ್ತವರಲ್ಲ. ಅತ್ತೆ ಹೋಗಿ ಅವರ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. "ಮರ್ಕ್ ಮಗಾ, ಅತ್ತ್ ಬಿಡ್. ಹೊರ್ಗೆ ಯಾರಿಗೂ ಕೇಂತಿಲ್ಲೆ" ಎಂದರು.

ಮರುವರ್ಷ ಬೆನ್ನುನೋವು ಶುರುವಾಯಿತು. ಮೊದಲು ಎಣ್ಣೆ ಹಚ್ಚಿದರು, ಆಮೇಲೆ ಬಿಸಿನೀರು. ಕೊನೆಗೆ ಸ್ಕ್ಯಾನಿನಲ್ಲಿ ಕಾಯಿಲೆ ಬೆನ್ನುಮೂಳೆಗೆ ಹೋಗಿರುವುದು ಕಂಡಿತು. ಊರಿನಲ್ಲಿ ಮಾತಾಯಿತು, ಅಂಥ ಆಪರೇಷನ್ ಆದ ಮೇಲೂ ಕಬ್ಬಿಣ ಎತ್ತಿದರೆ ಇನ್ನೇನಾದೀತು ಎಂದು. ಆ ಮಾತು ನನ್ನೊಳಗೆ ಹೊಕ್ಕಿತು. ರಾಡನ್ನು ಸ್ಟ್ಯಾಂಡಿಗೆ ಇಟ್ಟವಳು ನಾನು. ಅಂಗಡಿಯಲ್ಲಿ ಸೀರೆ ಬಿಡಿಸುತ್ತಾ ಯಾವ ಗಿರಾಕಿ ಏನು ಕೇಳಿದರೆಂದೇ ತಿಳಿಯುತ್ತಿರಲಿಲ್ಲ. ಜಲಜಕ್ಕನ ಮನೆಗೆ ಹೋದರೂ ಅವರ ಕಣ್ಣು ತಪ್ಪಿಸಿ ಕೂರುತ್ತಿದ್ದೆ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಮುಂದಿನ ಸಲ ಮಣಿಪಾಲಕ್ಕೆ ಹೋಗುವಾಗ ನೀನೇ ಬಾ ಎಂದು ಹಟ ಹಿಡಿದರು. ಭಾಸ್ಕರಣ್ಣ ದಡದಲ್ಲೇ ಇದ್ದರು, ಆದರೂ ನಾನೇ ಬೇಕು ಎಂದರು. ಡಾಕ್ಟರು ಔಷಧಿ ಬರೆದು ಮುಗಿಸಿದಾಗ ಜಲಜಕ್ಕ ಏಳಲಿಲ್ಲ.

"ಡಾಕ್ಟ್ರೇ, ಒಂದ್ ಮಾತ್. ನಾ ರಾಡ್ ಎತ್ತಿದ್ದೆ ಅಲ್ದಾ, ಅದ್ರಿಂದ ಇದ್ ಬಂದದ್ದಾ?"

"ಇಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೊದಲೇ ಹೇಳಿದ್ದೆನಲ್ಲ."

"ನಂಗ್ ಹೇಳಿದ್ರಿ. ಇವ್ಳಿಗ್ ಹೇಳಿ. ಇವ್ಳ್ ಮುಖ ಕಂಡ್ ಹೇಳಿ."

ಡಾಕ್ಟರು ಪೆನ್ನು ಕೆಳಗಿಟ್ಟು, ನನ್ನ ಕಡೆ ತಿರುಗಿ, ಮಗುವಿಗೆ ಹೇಳುವಂತೆ ವಿವರಿಸಿದರು. ಕಾಯಿಲೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಹೇಗೆ ಹೋಗುತ್ತದೆ, ರಾಡು ಎತ್ತಿದ್ದರಿಂದ ಕೈ ಬಳಕೆಗೆ ಬಂತೇ ಹೊರತು ಬೇರೇನೂ ಆಗಲಿಲ್ಲ ಎಂದರು. ನಾನು ತಲೆ ತಗ್ಗಿಸಿ ಕೇಳಿದೆ. ಹಿಂತಿರುಗುವಾಗ ಬಸ್ಸು ಬ್ರಹ್ಮಾವರದಲ್ಲಿ ನಿಂತಿತು. ಕಿಟಕಿಯ ಹತ್ತಿರ ಬಂದವನಿಂದ ಜಲಜಕ್ಕ ಬೇಯಿಸಿದ ಶೇಂಗಾ ತೆಗೆದುಕೊಂಡು ನನ್ನ ಮಡಿಲಿಗೆ ಹಾಕಿದರು.

"ಇನ್ ಮನಿಗ್ ಹೋಯಿ ನಿದ್ರಿ ಮಾಡ್. ಕಣ್ಣಡಿ ಕಪ್ಪಾಯಿತ್ತ್."

ಅವರಿಗೆ ಹೇಗೆ ತಿಳಿಯಿತೋ. ಸ್ವಂತ ಬೆನ್ನಿನ ನೋವಿಗೆ ಸೀಟಿನ ಕಂಬಿ ಬಿಗಿಹಿಡಿದು ಕೂತವರು, ನನಗೋಸ್ಕರ ಅಷ್ಟು ದೂರ ಬಂದಿದ್ದರು. ನಾನು ಶೇಂಗಾ ಸುಲಿಯುತ್ತಾ ಕೋಟೇಶ್ವರದವರೆಗೂ ಅಳುತ್ತಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಆಮೇಲೆ ಬೇಗ ಬೇಗ ಇಳಿದುಹೋದರು. ಎದ್ದು ಕೂರುವುದು ನಿಂತಿತು. ನಾನು ದಿನವೂ ಅಂಗಡಿಯಿಂದ ಬಂದು ಜಿಮ್ಮು ಮುಗಿಸಿ ಅವರ ಮಂಚದ ಬಳಿ ಹೋಗಿ ಕೂರುತ್ತಿದ್ದೆ. ಕೊನೆಯ ದಿನ ಮಾತಾಡಿದ್ದು ಬೈಂದೂರಿನಿಂದ ಹೊಸದಾಗಿ ಬರತೊಡಗಿದ್ದ ಒಬ್ಬ ಟೀಚರ ವಿಷಯ.

"ಯಾವ ರಾಡ್ ಕೊಟ್ಟೆ?" ಸ್ವರ ಬಹಳ ಸಣ್ಣದಾಗಿತ್ತು.

"ಅಲ್ಯೂಮಿನಿಯಂ. ಅವ್ರಿಗೆ ತೆಳ್ಳಗಿದ್ದ್ ಬೇಕಂತ್ರ್. ಮಣಿಕಟ್ ಹಿಂದ್ ಹೋತ್ತ್ ಜಲಜಕ್ಕ."

"ಕೊಡ್ಬ್ಯಾಡ. ಸಿಟ್ಟ್ ಮಾಡಿರೂ ಕೊಡ್ಬ್ಯಾಡ." ಆಮೇಲೆ, "ಚಾ ಕುಡ್ದ್ ಹೋಗ್" ಎಂದರು. ಚಾ ಮಾಡುವವರು ಯಾರೂ ಮನೆಯಲ್ಲಿರಲಿಲ್ಲ. ಕುಡಿದೆ ಎಂದು ಹೇಳಿ ಬಂದೆ.

ಮರುದಿನ ಬೆಳಿಗ್ಗೆ ಜಲಜಕ್ಕ ತೀರಿಕೊಂಡರು. ಮಳೆಗಾಲದ ನಿಷೇಧ ಮುಗಿದು ಮೀನುಗಾರಿಕೆ ಮತ್ತೆ ಶುರುವಾದ ಹೊಸತು. ಕೇರಿಯ ಗಂಡಸರು ಹೆಚ್ಚಿನವರು ಕಡಲಿಗೆ ಹೋಗಿದ್ದರು, ಭಾಸ್ಕರಣ್ಣನೂ. ಬೋಟಿಗೆ ಸುದ್ದಿ ಮುಟ್ಟಿತು, ಸಂಜೆಯ ಹೊತ್ತಿಗೆ ದಡಕ್ಕೆ ಬರುತ್ತೇವೆ ಎಂದರು. ಒಳಕೋಣೆಯ ಬಾಗಿಲು ತಗ್ಗು, ಹೊರಗಿನ ಜಗಲಿಗೆ ಬರುವ ದಾರಿ ಇಕ್ಕಟ್ಟು. ಸ್ನಾನ ಮಾಡಿಸಿ ಸೀರೆ ಉಡಿಸಿದ ಮೇಲೆ, ಎತ್ತಲು ಬೇರೆ ಕೇರಿಯ ಗಂಡಸರನ್ನು ಕರೆಯಬೇಕೇ ಎಂದು ಯಾರೋ ಕೇಳಿದರು. ಅತ್ತೆ, "ಎಂತಕ್? ಹೆಣ್ ಮಕ್ಳೆಲ್ಲ ಇದ್ರಲೆ" ಎಂದರು. ಜಿಮ್ಮಿನ ಹೆಂಗಸರು ಅಷ್ಟರಲ್ಲಿ ಬಂದಿದ್ದರು. ಅಡುಗೆಯವರು, ಮೀನಿನವರು, ಕಾಲೇಜಿಗೆ ಹೊರಟ ಚೀಲವನ್ನು ಅಂಗಳದಲ್ಲೇ ಬಿಟ್ಟು ಬಂದ ಹುಡುಗಿಯರು. ನಾನು ತಲೆಯ ಕಡೆ ನಿಂತೆ. ಯಾರೂ ಒಂದು, ಎರಡು, ಮೂರು ಎನ್ನಲಿಲ್ಲ, ಒಟ್ಟಿಗೇ ಎತ್ತಿದೆವು. ಬಾಗಿಲಲ್ಲಿ ಬಗ್ಗಿ, ಗೋಡೆಗೆ ತಾಗಿಸದೆ, ಜಗಲಿಗೆ ತಂದು ಚಾಪೆಯ ಮೇಲೆ ಮಲಗಿಸಿದೆವು.

ಭಾಸ್ಕರಣ್ಣ ಮಳೆಯಲ್ಲಿ ನೆನೆದುಕೊಂಡೇ ಬಂದರು. ತಂಗಿಯ ಕಾಲ ಬುಡದಲ್ಲಿ ಬಹಳ ಹೊತ್ತು ಕೂತಿದ್ದರು. ಆಮೇಲೆ ಸುತ್ತಲೂ ನೋಡಿ, ಒಳಕೋಣೆಯ ಬಾಗಿಲನ್ನೂ ನೋಡಿ ಕೇಳಿದರು.

"ಯಾರ್ ಎತ್ತಿ ತಂದದ್ದ್?"

"ನಾವೇ, ಭಾಸ್ಕರಣ್ಣ."

ಕಾಯಿಲೆಯ ಕೊನೆಯ ದಿನಗಳಲ್ಲಿ ದಡದಲ್ಲಿದ್ದಾಗಲೆಲ್ಲ ತಂಗಿಯನ್ನು ಎತ್ತಿ ಕೂರಿಸುತ್ತಿದ್ದವರು ಅವರೇ. ಒಂದು ತಲೆದಿಂಬಿನಷ್ಟೂ ಇಲ್ಲ ಎಂದು ನನ್ನೆದುರೇ ಹೇಳಿ ಕಣ್ಣೊರೆಸಿಕೊಂಡಿದ್ದರು.

"ಭಾರ ಇತ್ತಾ ಮಗಾ?" ಎಂದರು.

"ಇತ್ತ್" ಎಂದೆ.